ಎರಡನೆಯ ಕೈ

ಕಾಪಿತೊಲಿನಾ ಯೆಗೊರೊವ್ನಾ ಬಗ್ಗೆ ಹೇಳಿ ಎಂದು ಈಗ ಜನ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಬದುಕಿದ್ದಾಗ ಅವಳನ್ನು ಯಾರೂ ತಿರುಗಿ ನೋಡಲಿಲ್ಲ. ಈಗ ಯಾವನೋ ಸಂಶೋಧಕ ಹಳೆಯ ಕಾಗದಗಳ ಕಟ್ಟು ಬಿಚ್ಚಿದನಂತೆ, ಅವಳ ಲೆಕ್ಕದ ಹಾಳೆಗಳು ಸಿಕ್ಕವಂತೆ, ನೋಡಿ ಕಣ್ಣು ಒದ್ದೆಯಾಯಿತಂತೆ. ಆಗಲಿ, ಕಣ್ಣು ಒದ್ದೆ ಮಾಡಿಕೊಳ್ಳುವುದು ಅಂಥ ಕಷ್ಟದ ಕೆಲಸವೇನಲ್ಲ. ಆ ಹಾಳೆಗಳನ್ನು ಅವಳು ಬರೆಯುವಾಗ ಪಕ್ಕದ ಮೇಜಿನಲ್ಲಿ ಕೂತಿದ್ದವಳು ನಾನು. ನನ್ನ ಹೆಸರು ನೋನ್ನಾ. ಅವಳ ಕಥೆ ಹೇಳುವುದಾದರೆ ನಾನೇ ಹೇಳಬೇಕು. ಕೇಳಿದವರು ನನ್ನ ಮುಖಕ್ಕೆ ಉಗಿದರೂ ಸರಿಯೇ.

ಕಾಪಾ ಎಂದು ನಾನು ಕರೆಯುತ್ತಿದ್ದ ಅವಳು ಹುಟ್ಟಿದ್ದು ಫಿನ್ಲೆಂಡ್ ಕೊಲ್ಲಿಯ ಒಂದು ಸಣ್ಣ ಬಂದರಿನಲ್ಲಿ. ಅಪ್ಪ ಅಲೆತಡೆ ಗೋಡೆಯ ತುದಿಯಲ್ಲಿದ್ದ ದೀಪ ನೋಡಿಕೊಳ್ಳುವವನು. ಮಗುವಾಗಿದ್ದಾಗ ಅವಳು ದಿನವೂ ಅವನ ಬುತ್ತಿ ಹಿಡಿದು ಆ ಗೋಡೆಯ ಮೇಲೆ ನಡೆದುಹೋಗುತ್ತಿದ್ದಳಂತೆ. ಒಂದು ಪಕ್ಕದಲ್ಲಿ ಕಡಲು ಬಡಿಯುತ್ತಿದ್ದರೆ ಇನ್ನೊಂದು ಪಕ್ಕದಲ್ಲಿ ದೋಣಿಗಳು ತೂಕಡಿಸುತ್ತಿದ್ದವು. ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ ಲೆನಿನ್‌ಗ್ರಾದಿಗೆ ಬಂದು ಗಣಿತ ಓದಲು ಸೇರಿದಳು. ಎರಡು ವರ್ಷ ಓದಿದಳು. ಅಷ್ಟರಲ್ಲಿ ಯುದ್ಧ ಬಂತು. ನಗರದ ಮುತ್ತಿಗೆಯ ಮೊದಲನೆಯ ಚಳಿಗಾಲದಲ್ಲಿ ಹಸಿವಿನಿಂದ ಸತ್ತ ತಾಯಿಯನ್ನು ತಾನೇ ಮಕ್ಕಳ ಜಾರುಬಂಡಿಯ ಮೇಲೆ ಎಳೆದುಕೊಂಡು ಹೋಗಿ ಸ್ಮಶಾನಕ್ಕೆ ಒಪ್ಪಿಸಿ ಬಂದಳು. ಮದುವೆಯಾಗಬೇಕಿದ್ದವನು ವಾಪಸು ಬರಲಿಲ್ಲ. ಇದನ್ನೆಲ್ಲ ಅವಳು ಹೇಳಿಕೊಂಡವಳಲ್ಲ, ನಾನೇ ಕೆದಕಿ ಕೆದಕಿ ತಿಳಿದುಕೊಂಡದ್ದು. ಅವಳು ತಾನಾಗಿ ಹೇಳುತ್ತಿದ್ದುದು ಒಂದೇ ಮಾತು, "ಇನ್ನು ಮೂರು ವರ್ಷ ಓದೋದು ಬಾಕಿ ಇದೆ ಕಣೇ." ಯಾರೋ ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆ ಎನ್ನುವ ಧಾಟಿಯಲ್ಲಿ ಹೇಳುತ್ತಿದ್ದಳು.

ನಮ್ಮದು ಒಂದು ಸಂಶೋಧನಾ ಸಂಸ್ಥೆಯ ಲೆಕ್ಕದ ಕೋಣೆ. ಹದಿನಾಲ್ಕು ಹೆಂಗಸರು, ಹದಿನಾಲ್ಕು ಕೈತಿರುಗು ಯಂತ್ರ. ಹಿಡಿ ಮುಂದಕ್ಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಕಿರ್ರ್ ಕಿರ್ರ್ ಎಂದು ತಿರುಗಿಸುವುದೇ ಕೆಲಸ. ಯಾವ ಲೆಕ್ಕವನ್ನೂ ನಮ್ಮಲ್ಲಿ ಒಬ್ಬಳೇ ಮಾಡುವಂತಿರಲಿಲ್ಲ. ಒಂದೇ ಸೂತ್ರವನ್ನು ಇಬ್ಬರಿಗೆ ಕೊಡುತ್ತಿದ್ದರು. ಒಬ್ಬರ ಹಾಳೆ ಇನ್ನೊಬ್ಬರು ನೋಡದೆ ಇಬ್ಬರೂ ಬೇರೆಬೇರೆ ಮಾಡಿ ಕೊನೆಯಲ್ಲಿ ಹೋಲಿಸಬೇಕು. ಇದಕ್ಕೆ ಎರಡು ಕೈಯ ಲೆಕ್ಕ ಎನ್ನುತ್ತಿದ್ದೆವು. ಹಿರಿಯಳು ಮೊದಲನೆಯ ಕೈ, ಕಿರಿಯಳು ಎರಡನೆಯ ಕೈ. ಎರಡು ಕೈ ಹೊಂದಿದ ಹಾಳೆಯನ್ನು ಎಂಥ ದೊಡ್ಡ ಪ್ರೊಫೆಸರನೂ ಪ್ರಶ್ನಿಸುತ್ತಿರಲಿಲ್ಲ. ಸೂತ್ರವೇ ತಪ್ಪಿದ್ದರೆ ಎರಡು ಕೈಯೂ ಸೇರಿ ಒಂದೇ ತಪ್ಪು ಮಾಡುತ್ತವೆ ಎನ್ನುವುದು ಯಾರ ತಲೆಗೂ ಹೋಗುತ್ತಿರಲಿಲ್ಲ. ಹೋದರೂ ಅದನ್ನು ಹೇಳಲು ನಮ್ಮನ್ನು ಇಟ್ಟುಕೊಂಡಿರಲಿಲ್ಲ.

ಕಾಪಾ ಮೊದಲನೆಯ ಕೈ, ನಾನು ಎರಡನೆಯ ಕೈ. ಅವಳು ನನಗಿಂತ ಹತ್ತು ವರ್ಷ ದೊಡ್ಡವಳು. ಪೂರ್ತಿ ಹೆಸರು ಹಿಡಿದು, ತಂದೆಯ ಹೆಸರು ಸೇರಿಸಿ, ನೀವು ಎಂದು ಕರೆಯಬೇಕಾದವಳು. ಎರಡನೆಯ ದಿನವೇ, "ಅಷ್ಟುದ್ದ ಹೆಸರು ಕೂಗೋ ಹೊತ್ತಿಗೆ ಒಂದು ಸಾಲು ಲೆಕ್ಕ ಆಗುತ್ತೆ, ಕಾಪಾ ಅನ್ನು, ನೀನು ಅನ್ನು ಸಾಕು," ಎಂದಿದ್ದಳು. ನನ್ನ ತಪ್ಪುಗಳನ್ನು ಮೇಲಿನವರಿಗೆ ಗೊತ್ತಾಗದ ಹಾಗೆ ತಿದ್ದಿಸುತ್ತಿದ್ದಳು. ಪೆನ್ಸಿಲ್ ಕೆತ್ತಿ ನನ್ನ ಮೇಜಿನ ಮೇಲಿಡುತ್ತಿದ್ದಳು. ಅವಳು ಒಳ್ಳೆಯವಳು ಎಂದು ಹೇಳಿ ಮುಗಿಸಿಬಿಡಬಹುದು. ಆದರೆ ಒಳ್ಳೆಯವರ ಪಕ್ಕ ದಿನವೂ ಕೂತಿರುವುದು ಎಂಥ ಕಿರಿಕಿರಿ ಎನ್ನುವುದನ್ನು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಕೆಲವು ದಿನ ಆ ಪೆನ್ಸಿಲುಗಳನ್ನು ಮುರಿದು ಹಾಕಬೇಕು ಎನಿಸುತ್ತಿತ್ತು.

ಐವತ್ನಾಲ್ಕರ ವಸಂತದಲ್ಲಿ ನಮಗೆ ಬಂದದ್ದು ಇನ್ನೊಕೆಂತಿ ಸವ್ವಿಚ್ ಲ್ಯಾದೊವ್‌ನ ಕೆಲಸ. ಅವನು ವಿಭಾಗದ ಮುಖ್ಯಸ್ಥ, ಡಾಕ್ಟರ್ ಪದವಿಗೆ ಪ್ರಬಂಧ ಬರೆಯುತ್ತಿದ್ದ. ವಿಷಯ ಇಷ್ಟೇ: ಕಡಲಿನ ಅಲೆ ಬಂದು ಬಂದರಿನ ಅಲೆತಡೆಗೆ ಬಡಿಯುತ್ತದೆ. ಗೋಡೆಯ ಹಿಂದಿನ ನೀರು ಅದರ ನೆರಳಿನಲ್ಲಿದೆ, ಶಾಂತವಾಗಿರಬೇಕು. ಆದರೆ ಗೋಡೆ ಮುಗಿಯುವ ತುದಿಯಲ್ಲಿ ಅಲೆ ಬಾಗಿ ನೆರಳಿನೊಳಕ್ಕೆ ನುಸುಳುತ್ತದೆ. ಎಲ್ಲೆಲ್ಲಿ ಎಷ್ಟೆಷ್ಟು ನುಸುಳುತ್ತದೆ ಎನ್ನುವುದು ಗೊತ್ತಾದರೆ ದೋಣಿ ಎಲ್ಲಿ ಕಟ್ಟಬೇಕು ಎಂದು ಹೇಳಬಹುದು. ತೆಳ್ಳಗಿನ ಗೋಡೆ ಒಂದೇ ಕಡೆಗೆ ಕೊನೆಯಿಲ್ಲದೆ ಹೋಗುತ್ತದೆ ಎಂದುಕೊಂಡರೆ ಅದು ಅರ್ಧ ಸಮತಲ. ಗೋಡೆ ದಪ್ಪಗಿದ್ದು ತುದಿ ಮೂಲೆಯಾಗಿದ್ದರೆ ಅದು ಬೆಣೆ. ಲ್ಯಾದೊವ್ ಬೆಣೆಗೆ ಸೂತ್ರ ಬರೆದಿದ್ದ. ನಾವು ಅದನ್ನು ಅಂಕಿಗಳಾಗಿ ಅರೆಯಬೇಕಿತ್ತು.

ಅದೇ ವರ್ಷ ಸಂಜೆ ಕಾಲೇಜಿನವರು ಯುದ್ಧದಿಂದ ಓದು ನಿಂತವರಿಗೂ ಕೆಲಸದಲ್ಲಿದ್ದ ಹೊಸಬರಿಗೂ ಸೀಟು ಕೊಡುತ್ತೇವೆ ಎಂದರು. ಕೆಲಸದ ಜಾಗದಿಂದ ಶಿಫಾರಸು ಪತ್ರ ತರಬೇಕು. ನಮ್ಮ ವಿಭಾಗಕ್ಕೆ ಒಂದೇ ಪತ್ರ, ಬರೆಯಬೇಕಾದವನು ಲ್ಯಾದೊವ್. ಅದು ಕಾಪಾಗೆ ಎಂದು ಇಡೀ ಕೋಣೆಗೆ ಗೊತ್ತಿತ್ತು. ಅವಳು ಆಗಲೇ ಹಳೆಯ ಪುಸ್ತಕಗಳನ್ನು ಹೊರಗೆ ತೆಗೆದಿದ್ದಳು. ಊಟದ ಬಿಡುವಿನಲ್ಲಿ ಎಲೆಕೋಸಿನ ಸೂಪು ಆರಿಹೋದರೂ ತಲೆ ಎತ್ತುತ್ತಿರಲಿಲ್ಲ.

ಏಪ್ರಿಲ್ ಕೊನೆಯ ಒಂದು ಮಧ್ಯಾಹ್ನ ಅವಳು ಯಂತ್ರ ನಿಲ್ಲಿಸಿ ನನ್ನ ಕಡೆ ಬಾಗಿದಳು.

"ನೋನ್ನಾ, ನಿನ್ನ ಹಾಳೆ ನೋಡಲ್ಲ, ನಿಯಮ ಮುರಿಯಲ್ಲ. ಒಂದು ಮಾತು ಹೇಳು. ಕೆರೆಗೆ ಕಲ್ಲು ಹಾಕಿದ್ರೆ ನೀರಿನ ಉಂಗುರ ಎತ್ಲಾಗೆ ಹೋಗುತ್ತೆ?"

"ಇದೇನು ಮಕ್ಕಳ ಪ್ರಶ್ನೆ ಮಾರಾಯ್ತಿ. ಹೊರಗಡೆ."

"ಲ್ಯಾದೊವ್ ಕೆರೆಯಲ್ಲಿ ದಡದಿಂದ ಕಲ್ಲಿನ ಕಡೆಗೆ ಬರ್ತಾ ಇದೆ."

"ತಲೆ ಕೆಟ್ಟಿದ್ಯಾ ನಿಂಗೆ?"

"ನಂಗೂ ಹಾಗೇ ಅನ್ನಿಸ್ತು. ಮೂರು ಸಲ ಮಾಡ್ದೆ. ತುದಿಯಿಂದ ದೂರ ಹೋದಷ್ಟೂ ಅಲೆ ತಡವಾಗಿ ಬರ್ಬೇಕು. ಇಲ್ಲಿ ದೂರದಲ್ಲಿ ಮೊದ್ಲು ಬರುತ್ತೆ, ಆಮೇಲೆ ತುದಿಗೆ ಬರುತ್ತೆ."

ಆದದ್ದು ಹೀಗೆ. ಅಲೆಯ ಲೆಕ್ಕದಲ್ಲಿ ಕಾಲವನ್ನು ಒಂದು ಚಿಹ್ನೆಯೊಂದಿಗೆ ಬರೆಯಬೇಕು. ಗಣಿತದವರು ಋಣ ಚಿಹ್ನೆ ಹಾಕುತ್ತಾರೆ, ವಿದ್ಯುತ್ ಎಂಜಿನಿಯರರು ಧನ ಚಿಹ್ನೆ ಹಾಕುತ್ತಾರೆ. ಅವರವರ ಮನೆಯೊಳಗೆ ಎರಡೂ ಸರಿಯೇ. ಲ್ಯಾದೊವ್ ಮುಖ್ಯ ಸೂತ್ರವನ್ನು ಗಣಿತದವರ ಪದ್ಧತಿಯಲ್ಲಿ ಬರೆದು, ಅದರ ಹೊಟ್ಟೆಯೊಳಗೆ ಕೂರುವ ಅನುಕಲವನ್ನು, ಅಂದರೆ ಇಂಟಿಗ್ರಲ್ ಅನ್ನು, ಎಂಜಿನಿಯರರ ಪುಸ್ತಕದಿಂದ ಹಾಗೆಯೇ ಎತ್ತಿ ಹಾಕಿದ್ದ. ಯಾಕೆ ಯಾರಿಗೂ ಕಾಣಲಿಲ್ಲ ಎಂದರೆ, ಈ ಲೆಕ್ಕ ಮಾಡುವವರೆಲ್ಲ ಮೊದಲು ಒಂದು ಪರೀಕ್ಷೆ ಮಾಡುತ್ತಾರೆ. ನೆರಳು ಶುರುವಾಗುವ ಗೆರೆಯ ಮೇಲೆ ಅಲೆಯ ಎತ್ತರ ತೆರೆದ ಕಡಲಿನದರ ಹೆಚ್ಚುಕಡಿಮೆ ಅರ್ಧ ಬರಬೇಕು. ಅರ್ಧ ಬಂತೋ, ಸೂತ್ರ ಸರಿ, ಮುಂದೆ ನಡೆ. ಆದರೆ ಆ ಗೆರೆಯ ಮೇಲೆ ಚಿಹ್ನೆ ಯಾವುದಿದ್ದರೂ ಅರ್ಧವೇ ಬರುತ್ತದೆ. ಲ್ಯಾದೊವ್‌ನಿಗೂ ಅರ್ಧ ಬಂತು, ಖುಷಿಯಾಯಿತು. ನೆರಳಿನ ಆಳಕ್ಕೆ ಹೋದರೆ ಮಾತ್ರ ಅಂಕಿಗಳು ಹಾದಿ ತಪ್ಪುತ್ತವೆ. ನೀರು ಅಲ್ಲಾಡುವ ಕಡೆ ಶಾಂತ, ಶಾಂತವಾಗಿರುವ ಕಡೆ ಅಲುಗಾಟ. ಅಂಥ ಕಡೆ ದೋಣಿ ಕಟ್ಟಿದವನ ಗತಿ ಏನು?

ನಾನು ಒಂದು ಸಾಲನ್ನು ನನ್ನ ಯಂತ್ರದಲ್ಲಿ ಮಾಡಿ ನೋಡಿದೆ. ಅವಳು ಹೇಳಿದ್ದು ಸರಿಯಾಗಿತ್ತು. ಇದನ್ನು ಇಲ್ಲಿ ಸ್ಪಷ್ಟವಾಗಿ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಆರು ವರ್ಷ ಇದನ್ನೇ ಹೇಳದೆ ಬಾಯಿಗೆ ಬೀಗ ಹಾಕಿಕೊಂಡೆ. ಅವಳು ಸರಿ ಎನ್ನುವುದು ನನಗೆ ಆ ಮಧ್ಯಾಹ್ನವೇ ಗೊತ್ತಿತ್ತು.

ಅವಳು ಲ್ಯಾದೊವ್ ಹತ್ತಿರ ಒಬ್ಬಳೇ ಹೋದಳು. ಎಲ್ಲರೆದುರು ಹೇಳಿದರೆ ಅವನಿಗೆ ಅವಮಾನವಾದೀತು ಎಂಬ ಕಾಳಜಿ ಬೇರೆ. ಹತ್ತು ನಿಮಿಷದಲ್ಲಿ ಮುಖ ಅರಳಿಸಿಕೊಂಡು ಬಂದಳು.

"ಪೂರ್ತಿ ಕೇಳಿಸ್ಕೊಂಡ್ರು ಕಣೇ. ಕಾಗದ ಬಿಟ್ಟು ಹೋಗಿ, ನೋಡ್ತೀನಿ ಅಂದ್ರು. ಬಾಗಿಲವರೆಗೂ ಬಂದು ಕಳಿಸಿದ್ರು."

"ಪತ್ರದ ವಿಷಯ?"

"ಈಗ ಹೆಂಗೆ ಕೇಳೋದು. ಲಂಚ ಕೇಳ್ದಂಗಾಗುತ್ತೆ."

ಎರಡು ವಾರ ಕಳೆದರೂ ಅವನು ಚಕಾರ ಎತ್ತಲಿಲ್ಲ. ಸೂತ್ರವೂ ಬದಲಾಗಲಿಲ್ಲ. ಕೊನೆಯ ಕಂತಿನ ಹಾಳೆಗಳು ನಮ್ಮ ಮೇಜಿಗೆ ಬಂದವು. ಅವು ನೆರಳಿನ ತೀರ ಒಳಭಾಗದ ಹಾಳೆಗಳು. ಅವುಗಳಲ್ಲಿ ಇದ್ದದ್ದೆಲ್ಲ ಹಳೆಯ ಚಿಹ್ನೆಯೇ. ಕಾಪಾ ಅವನ್ನು ಕೊನೆಯವರೆಗೂ ಮಗುಚಿ ನೋಡಿದಳು. ನಂತರ ನನ್ನ ಕಿವಿಯ ಹತ್ತಿರ ಬಂದಳು.

"ನಾನು ಸರಿ ಚಿಹ್ನೆ ಹಾಕಿ ಮಾಡ್ತೀನಿ. ಪಕ್ಕದಲ್ಲಿ ಕಾರಣ ಬರೀತೀನಿ. ನೀನೂ ಹಾಗೇ ಮಾಡು. ಎರಡು ಕೈನೂ ಒಂದೇ ಹೇಳಿದ್ರೆ ಅವ್ರು ಕೇಳ್ಲೇಬೇಕು. ಕೇಳ್ದೆ ಬೇರೆ ದಾರಿನೇ ಇಲ್ಲ."

"ನಂಗೇನಾದ್ರೂ ಆದ್ರೆ?"

"ನಿಂಗೇನೂ ಆಗಲ್ಲ. ನಾನು ಹೇಳ್ಕೊಟ್ಟೆ ಅನ್ನು."

"ಆಯ್ತು," ಎಂದೆ. ಮಾತು ಕೊಟ್ಟೆ. ಅವಳು ನನ್ನ ಭುಜ ತಟ್ಟಿ ತನ್ನ ಯಂತ್ರದ ಹಿಡಿ ಹಿಡಿದಳು.

ಮರುದಿನ ಲ್ಯಾದೊವ್ ನನ್ನನ್ನು ತನ್ನ ಕೋಣೆಗೆ ಕರೆಸಿದ. ನಾನು ಒಳಗೆ ಹೋದಾಗ ಒಂದು ಕಿತ್ತಳೆ ಸುಲಿಯುತ್ತಿದ್ದ. ಅರ್ಧ ಬಿಡಿಸಿ ನನ್ನ ಕೈಗೆ ಕೊಟ್ಟ. ಆ ಕಾಲದಲ್ಲಿ, ಮೇ ತಿಂಗಳಲ್ಲಿ, ಕಿತ್ತಳೆ.

"ಕೂತ್ಕೊಳ್ಳಿ. ಕೊನೆಯ ಹಾಳೆಗಳು ಬಂದ್ವಾ?"

"ಬಂದಿವೆ, ಇನ್ನೊಕೆಂತಿ ಸವ್ವಿಚ್."

"ಸೂತ್ರ ಅರ್ಥ ಆಗುತ್ತಾ?"

"ಅರ್ಥ ಮಾಡ್ಕೊಳ್ಳೋಕೆ ನಾವ್ಯಾರು. ಹಾಕಿದ ಹಾಗೆ ತಿರುಗಿಸ್ತೀವಿ."

"ಅದೇ ಬೇಕಾಗಿರೋದು," ಎಂದು ನಕ್ಕ. ಕರವಸ್ತ್ರದಲ್ಲಿ ಬೆರಳು ಒಂದೊಂದಾಗಿ ಒರೆಸಿಕೊಂಡ. "ಕೆಲವ್ರಿಗೆ ತಿರುಗಿಸೋದ್ರಲ್ಲಿ ತೃಪ್ತಿ ಇಲ್ಲ. ಅಂದಹಾಗೆ, ಸಂಜೆ ಕಾಲೇಜಿನ ಪತ್ರ ಬರೆದಿಟ್ಟಿದೀನಿ. ಹೆಸರಿನ ಜಾಗ ಮಾತ್ರ ಇನ್ನೂ ಖಾಲಿ ಇದೆ. ನಿಮ್ಗೆ ಎಷ್ಟು ವಯಸ್ಸು?"

"ಇಪ್ಪತ್ನಾಲ್ಕು."

"ಒಳ್ಳೆ ವಯಸ್ಸು. ಸೂತ್ರದಲ್ಲಿ ಇರೋ ಹಾಗೆ ಮಾಡಿ. ಅಷ್ಟೇ."

ಅಷ್ಟೇ. ಬೆದರಿಕೆಯೂ ಇಲ್ಲ, ಭಾಷೆಯೂ ಇಲ್ಲ. ಅವನು ತಪ್ಪು ಮಾಡು ಎಂದು ನನಗೆ ಹೇಳಲೇ ಇಲ್ಲ. ನಿನ್ನ ಕೆಲಸ ನೀನು ಮಾಡು ಎಂದ. ನಾನು ಹೊರಗೆ ಬಂದು ಕಿತ್ತಳೆ ತಿಂದು, ಮೇಜಿಗೆ ಹೋಗಿ ಸೂತ್ರದಲ್ಲಿ ಇದ್ದ ಹಾಗೆ ಮಾಡಿದೆ. ಪಕ್ಕದಲ್ಲಿ ಕಾಪಾ ತನ್ನ ಹಾಳೆಯ ಅಂಚಿನಲ್ಲಿ ಸಣ್ಣ ಅಕ್ಷರದಲ್ಲಿ ಬರೆಯುತ್ತಿದ್ದಳು. ನಾಲ್ಕು ದಿನ ಹಾಗೆ ಅಕ್ಕಪಕ್ಕ ಕೂತು ಮಾಡಿದೆವು. ಅವಳು ಒಮ್ಮೆಯೂ ನನ್ನ ಹಾಳೆಯ ಕಡೆ ಕಣ್ಣು ಹಾಯಿಸಲಿಲ್ಲ. ಹಾಯಿಸಿದ್ದರೆ ಗೊತ್ತಾಗುತ್ತಿತ್ತು. ನಿಯಮ ಎಂದರೆ ನಿಯಮ ಅವಳಿಗೆ.

ಗುರುವಾರ ಗೋಷ್ಠಿ. ವಿಭಾಗದ ಎಲ್ಲರೂ ಸೇರಿ ಒಬ್ಬನ ಕೆಲಸವನ್ನು ಹರಿದು ಜಾಲಾಡುವ ದಿನ. ಲೆಕ್ಕದ ಹೆಂಗಸರನ್ನು ಅಲ್ಲಿಗೆ ಕರೆಯುವ ವಾಡಿಕೆಯಿರಲಿಲ್ಲ, ಆ ದಿನ ನಮ್ಮಿಬ್ಬರನ್ನು ಕರೆದರು. ಮೂವತ್ತು ಜನ ಗಂಡಸರು ಕೂತಿದ್ದರು. ಲ್ಯಾದೊವ್ ಎರಡು ಹಾಳೆಗಳನ್ನು ಕಪ್ಪುಹಲಗೆಗೆ ಒತ್ತಿ ಹಿಡಿದ.

"ಎರಡು ಕೈ ಹೊಂದ್ತಾ ಇಲ್ಲ. ಪ್ರಬಂಧ ಒಪ್ಪಿಸೋಕೆ ಐದು ವಾರ ಇದೆ, ಈಗ ಇದು. ನೋನ್ನಾ ಫದೇಯೆವ್ನಾ, ನಿಮ್ಮ ಹಾಳೆ ಸೂತ್ರದ ಪ್ರಕಾರ ಇದ್ಯಾ?"

"ಇದೆ."

ಕಾಪಾ ನನ್ನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ. ನಾನು ಎಲ್ಲೋ ಸಾಲು ತಪ್ಪಿರಬೇಕು, ಪಾಪ, ಎನ್ನುವ ಹಾಗೆ ನೋಡಿದಳು.

"ಸೂತ್ರದಲ್ಲಿ ಏನಾದ್ರೂ ದೋಷ ಕಂಡಿತಾ ನಿಮ್ಗೆ?" ಎಂದ ಲ್ಯಾದೊವ್.

"ಸೂತ್ರ ನೋಡೋದು ನನ್ನ ಕೆಲಸ ಅಲ್ಲ."

ಆಗ ಅವಳಿಗೆ ಗೊತ್ತಾಯಿತು. ಅವಳ ಮುಖ ನಾನು ನೋಡಲಿಲ್ಲ, ಕಪ್ಪುಹಲಗೆ ನೋಡುತ್ತಿದ್ದೆ. ಅವಳು ಮಾತ್ರ ಎದ್ದು ನಿಂತು ಅದೇ ಶಾಂತ ದನಿಯಲ್ಲಿ ಹೇಳಿದಳು, "ಅನುಕಲದ ಚಿಹ್ನೆ ಬೇರೆ ಪದ್ಧತಿದು. ಹಾಗೇ ಬಿಟ್ರೆ ಅಲೆ ತುದಿಯಿಂದ ಹೊರಗೆ ಹೋಗಲ್ಲ, ಒಳಗೆ ಬರುತ್ತೆ. ಕಾರಣ ಬರೆದು ನಿಮ್ಗೇ ಕೊಟ್ಟಿದ್ದೆ."

"ನಂಗೆ?" ಎಂದ ಲ್ಯಾದೊವ್. ಸುತ್ತ ನೋಡಿದ. "ನಂಗೆ ಯಾವ ಕಾಗದಾನೂ ಬಂದಿಲ್ಲ. ನೆರಳಿನ ಗಡಿಯಲ್ಲಿ ಅರ್ಧ ಬಂದಿದೆ. ಇಲ್ಲಿರೋ ಮೂವತ್ತು ಜನಕ್ಕೂ ಅದು ಸಾಕು. ಎರಡು ವರ್ಷ ಓದಿದೋರಿಗೆ ಸಾಲ್ದು." ಯಾರೋ ನಕ್ಕರು. ನಗು ಬಂದದ್ದು ನೋಡಿ ಅವನಿಗೆ ಹುರುಪು ಬಂತು. "ಇವ್ರನ್ನ ಬೈಬೇಡಿ. ಮುತ್ತಿಗೆಯ ಚಳಿಗಾಲ ಇಲ್ಲೇ ಕಳೆದೋರು. ಅಷ್ಟು ಹಸಿವು ಕಂಡೋರಿಗೆ ಎಲ್ಲಾ ಒಳಗೇ ಬರೋ ಹಾಗೆ ಕಾಣುತ್ತೆ."

ಆಗ ಎಲ್ಲರೂ ನಗಲಿಲ್ಲ. ಆ ಕೋಣೆಯಲ್ಲಿ ಆ ಚಳಿಗಾಲ ಕಂಡವರು ಇನ್ನೂ ಐದಾರು ಮಂದಿ ಇದ್ದರು, ಅವರು ತಲೆ ತಗ್ಗಿಸಿ ತಮ್ಮ ಬೂಟು ನೋಡಿಕೊಂಡರು. ಆದರೆ ಎದ್ದು ಒಂದು ಮಾತು ಆಡಿದವರು ಯಾರೂ ಇಲ್ಲ. ಕಪ್ಪುಹಲಗೆಗೆ ಹೋಗಿ ಎರಡು ಸಾಲು ಬರೆದು ನೋಡಿದ್ದರೆ ಸಾಕಿತ್ತು. ಮೂವತ್ತು ಜನ ವಿದ್ವಾಂಸರಲ್ಲಿ ಒಬ್ಬನ ಕೈಗೂ ಸೀಮೆಸುಣ್ಣ ಬರಲಿಲ್ಲ. ಅವರನ್ನು ಬೈಯುವ ಬಾಯಿ ನನಗೆಲ್ಲಿದೆ, ಆದರೂ ಬೈಯುತ್ತೇನೆ. ಹೇಡಿಗಳು.

ಹೊಸ ಕೆಲಸ ಕೇಳುವಾಗಲೆಲ್ಲ ತೋರಿಸಬೇಕಾದ ಕಾಪಾಳ ಕೆಲಸದ ಪುಸ್ತಕದಲ್ಲಿ ಛೀಮಾರಿ ಬರೆದರು, ಲೆಕ್ಕದಲ್ಲಿ ಮನಬಂದಂತೆ ಬದಲಾವಣೆ ಎಂದು. ಜೂನ್ ಮುಗಿಯುವುದರೊಳಗೆ ಕೆಲಸದಿಂದ ತೆಗೆದರು. ಮೇಜು ಖಾಲಿ ಮಾಡುವಾಗ ಅವಳು ನನ್ನನ್ನು ಏನೂ ಕೇಳಲಿಲ್ಲ. ಬೈದಿದ್ದರೆ ಜಗಳ ಆಡುತ್ತಿದ್ದೆ, ನನ್ನ ಕಡೆಯ ಮಾತು ಹತ್ತು ತಯಾರು ಮಾಡಿಟ್ಟುಕೊಂಡಿದ್ದೆ. ಅವಳು ಅದಕ್ಕೂ ಅವಕಾಶ ಕೊಡಲಿಲ್ಲ. ಶಿಫಾರಸು ಪತ್ರದ ಖಾಲಿ ಜಾಗದಲ್ಲಿ ನನ್ನ ಹೆಸರು ಬಂತು. ಲ್ಯಾದೊವ್‌ನ ಪ್ರಬಂಧ ಅಚ್ಚಾಗಿ ಬಂದಾಗ ತೆರೆದು ನೋಡಿದೆ. ಚಿಹ್ನೆ ಸರಿಯಾಗಿತ್ತು. ಅವಳ ಚಿಹ್ನೆ. ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಟಿಪ್ಪಣಿ: ಲೆಕ್ಕಗಾರರಿಂದ ಆದ ಒಂದು ಪ್ರಮಾದವನ್ನು ತಿದ್ದಲಾಗಿದೆ, ನೆರವಿಗಾಗಿ ನೋನ್ನಾ ಫದೇಯೆವ್ನಾ ಅವರಿಗೆ ಕೃತಜ್ಞತೆಗಳು. ಆ ಪುಟವನ್ನು ನಾನು ಅಮ್ಮನಿಗೆ ತೋರಿಸಿದೆ. ಅಮ್ಮ ಹೆಮ್ಮೆಪಟ್ಟಳು.

ಸೆಪ್ಟೆಂಬರಿನಲ್ಲಿ ಸಂಜೆ ಕಾಲೇಜಿಗೆ ಹೋದೆ. ಮೊದಲ ಮಳೆ ಬಿದ್ದ ದಿನ ಕೋಟು ಕೊಡಲು ಕೆಳಗಿನ ಕೋಟುಮನೆಗೆ ಇಳಿದೆ. ಅಡ್ಡಹಲಗೆಯ ಆಚೆ ನೀಲಿ ಅಂಗಿ ತೊಟ್ಟು ನಿಂತಿದ್ದವಳು ಕಾಪಾ. ಛೀಮಾರಿ ಬಿದ್ದ ಪುಸ್ತಕ ಹಿಡಿದು ಹೋದವಳಿಗೆ ಬೇರೆ ಯಾವ ಕೆಲಸ ಸಿಕ್ಕೀತು. ಸಿಕ್ಕರೂ ಅವಳು ಇದನ್ನೇ ಆರಿಸಿಕೊಳ್ಳುತ್ತಿದ್ದಳೋ ಏನೋ, ಮೇಲಿನ ಮಹಡಿಯಲ್ಲಿ ಗಣಿತ ಪಾಠ ನಡೆಯುತ್ತಿತ್ತಲ್ಲ. ನನ್ನ ಒದ್ದೆ ಕೋಟು ತೆಗೆದುಕೊಂಡು ಕೊಕ್ಕೆಗೆ ಹಾಕಿ, ನಂಬರು ಬಿಲ್ಲೆ ನನ್ನ ಕೈಗಿಟ್ಟಳು.

"ಓಡು," ಎಂದಳು. "ಮೊದಲ್ನೇ ಪಾಠ ತಪ್ಪಿಸ್ಕೋಬೇಡ."

ಎರಡು ತಿಂಗಳು ನಾವು ಕೋಟು, ಬಿಲ್ಲೆ ಬಿಟ್ಟು ಬೇರೆ ಮಾತಾಡಲಿಲ್ಲ. ಆಮೇಲೆ ಒಂದು ದಿನ ಅವಳೇ ಕೇಳಿದಳು.

"ಹೋದ ವಾರದ ಟಿಪ್ಪಣಿ ಪುಸ್ತಕ ಇದ್ರೆ ಕೊಟ್ಟಿರ್ತೀಯಾ? ನೀನು ಮೇಲಿರೋ ಹೊತ್ತಲ್ಲಿ ನೋಡಿ, ಇಳಿಯೋ ಹೊತ್ತಿಗೆ ವಾಪಸ್ ಕೊಡ್ತೀನಿ."

ಕೊಟ್ಟೆ. ಕೊಡದೆ ಇರಲು ನಾನೇನು ರಾಕ್ಷಸಿಯೇ. ಪುಸ್ತಕ ವಾಪಸು ಬಂದಾಗ ನಾನು ಬಿಡಿಸಲಾಗದೆ ಬಿಟ್ಟಿದ್ದ ಎರಡು ಲೆಕ್ಕ ಬಿಡಿಸಿಟ್ಟಿದ್ದಳು, ಬೇರೆ ಚೀಟಿಯಲ್ಲಿ, ನಾನು ನಕಲು ಮಾಡಿಕೊಳ್ಳಲು ಅನುಕೂಲವಾಗುವ ಹಾಗೆ. ನಕಲು ಮಾಡಿಕೊಂಡೆ. ಅದು ಅಭ್ಯಾಸವಾಯಿತು. ಆರು ವರ್ಷ, ಒದ್ದೆ ಉಣ್ಣೆಯ ವಾಸನೆ ಹೊಡೆಯುವ ಆ ಕೋಣೆಯಲ್ಲಿ ಕೂತು ಅವಳು ನನ್ನ ಲೆಕ್ಕ ಬಿಡಿಸಿದಳು. ಅರ್ಥವಾಗದಿದ್ದಾಗ ಹೇಳಿಯೂ ಕೊಟ್ಟಳು. ನನಗೆ ಒಳ್ಳೆಯ ಅಂಕ ಬಂದವು. ನನ್ನನ್ನು ಜಾಣೆ ಎಂದು ಕರೆಯತೊಡಗಿದರು.

ಅರವತ್ತರ ಏಪ್ರಿಲಿನಲ್ಲಿ ಗೋಡೆಗೆ ಒಂದು ಪ್ರಕಟಣೆ ಹಚ್ಚಿದರು. ಯುದ್ಧದಿಂದ ಓದು ನಿಂತವರನ್ನು ಕೊನೆಯ ಬಾರಿಗೆ ಸೇರಿಸಿಕೊಳ್ಳುತ್ತಾರೆ, ನಲವತ್ತು ತುಂಬಿರಬಾರದು, ಅರ್ಜಿ ಜೂನ್ ಒಂದರೊಳಗೆ ಬರಬೇಕು. ಕಾಪಾಗೆ ಅಕ್ಟೋಬರಿನಲ್ಲಿ ನಲವತ್ತು ತುಂಬುತ್ತಿತ್ತು. ಅವಳು ಕಚೇರಿಗೆ ಹೋಗಿ ವಿಚಾರಿಸಿ ಬಂದಿದ್ದಳು. ನನ್ನ ಕೋಟು ತೆಗೆದುಕೊಂಡು, ಬಿಲ್ಲೆ ಕೊಡದೆ ಕೈಯಲ್ಲೇ ಹಿಡಿದುಕೊಂಡು ನಿಂತಳು.

"ಛೀಮಾರಿ ಇರೋರ್ನ ತಗೊಳ್ಳಲ್ವಂತೆ. ಅದನ್ನ ಅಳಿಸ್ಬೇಕಾದ್ರೆ ಎರಡನೇ ಕೈಯ ಹೇಳಿಕೆ ಸಾಕಂತೆ. ಮೊದಲ್ನೇ ಕೈಯ ಲೆಕ್ಕ ಸರಿ ಇತ್ತು ಅಂತ ಒಂದು ಸಾಲು, ಕೆಳಗೆ ನಿನ್ನ ಸಹಿ. ಲ್ಯಾದೊವ್ ಹೆಸರು ಎತ್ತೋದೇ ಬೇಡ. ನಾನು ವಿಚಾರಿಸಿದೀನಿ."

ಆರು ವರ್ಷದಲ್ಲಿ ಅವಳು ಆ ವಿಷಯ ತೆಗೆದದ್ದು ಅದೇ ಮೊದಲು.

"ಕಾಪಾ, ನನ್ನ ಡಿಪ್ಲೊಮಾ ಪರೀಕ್ಷೆ ಜೂನ್ ಹದಿನೆಂಟಕ್ಕಿದೆ. ಮಂಡಳಿಯ ಅಧ್ಯಕ್ಷರು ಯಾರು ಗೊತ್ತಾ?"

"ಗೊತ್ತು. ಅವ್ರ ಕೋಟು ನಾನೇ ತಗೋತೀನಿ."

"ಅವ್ರ ಕಿವಿಗೆ ಬಿದ್ರೆ ನನ್ನ ಆರು ವರ್ಷ ನೀರಲ್ಲಿ ಹೋಮ. ಪರೀಕ್ಷೆ ಮುಗೀಲಿ. ಮುಗಿದ ಮಾರನೇ ದಿನ ಒಂದು ಸಾಲಲ್ಲ, ಎರಡು ಪುಟ ಬರ್ಕೊಡ್ತೀನಿ. ನಿನ್ನಾಣೆ."

ಹದಿನೆಂಟು ಒಂದಕ್ಕಿಂತ ಆಮೇಲೆ ಬರುತ್ತದೆ ಎಂದು ಅವಳು ನನಗೆ ಹೇಳಲಿಲ್ಲ. ನಮ್ಮಿಬ್ಬರ ಹೊಟ್ಟೆಪಾಡೇ ಲೆಕ್ಕ. ಅಷ್ಟು ಲೆಕ್ಕ ನನಗೂ ಬರುತ್ತಿತ್ತು.

"ಆಯ್ತು," ಎಂದು ಬಿಲ್ಲೆಯನ್ನು ಹಲಗೆಯ ಮೇಲಿಟ್ಟು ಹಿಂದಿನವರ ಕೋಟಿಗೆ ಕೈ ಚಾಚಿದಳು.

ಮೇ ತಿಂಗಳಲ್ಲಿ ಬಿಸಿಲು ಬಂತು, ಕೋಟು ಕೊಡುವ ಅಗತ್ಯವಿರಲಿಲ್ಲ. ನಾನು ಕೆಳಗೆ ಇಳಿಯಲಿಲ್ಲ. ಮೇ ಮೂವತ್ತೊಂದರಂದು ಬೇಕೆಂದೇ ಪಕ್ಕದ ಬಾಗಿಲಿನಿಂದ ಹೋದೆ.

ಜೂನ್ ಹದಿನೆಂಟರಂದು ಪರೀಕ್ಷೆಯಾಯಿತು. ಲ್ಯಾದೊವ್ ಎದ್ದು ನಿಂತು ಕೈ ಕುಲುಕಿ, "ನಿಮ್ಮ ವಿಷಯದಲ್ಲಿ ನನ್ನ ಅಂದಾಜು ತಪ್ಪಲಿಲ್ಲ," ಎಂದ. ಮಾರನೆಯ ದಿನ ಬೆಳಿಗ್ಗೆ ಕೂತು ಹೇಳಿಕೆ ಬರೆದೆ. ಆಣೆ ಹಾಕಿದ ಹಾಗೆ ಎರಡು ಪುಟ. ಚಿಹ್ನೆ, ಅನುಕಲ, ಅವಳು ಕೊಟ್ಟ ಕಾಗದ, ನಾನು ಒಪ್ಪಿ ತಪ್ಪಿದ ಮಾತು, ಎಲ್ಲ ಬರೆದೆ. ಬರೆಯುತ್ತ ಅತ್ತೆ ಕೂಡ. ಮುಗಿಸಿದಾಗ ಎದೆ ಹಗುರವಾಯಿತು, ನಾನೂ ಅಂಥ ಕೆಟ್ಟವಳಲ್ಲ ಎನಿಸಿತು. ದಾರಿಯಲ್ಲಿ ಒಂದು ಕೇಕು ಕಟ್ಟಿಸಿಕೊಂಡು ಅವಳ ಮನೆಗೆ ಹೋದೆ. ಮನೆ ಎಂದರೆ ಏಳು ಸಂಸಾರಕ್ಕೆ ಒಂದೇ ಅಡುಗೆಮನೆ ಇದ್ದ ಕಟ್ಟಡದಲ್ಲಿ ಒಂದು ಕೋಣೆ. ಅವಳು ಅಡುಗೆಮನೆಯಲ್ಲಿ ಆಲೂಗಡ್ಡೆ ಸುಲಿಯುತ್ತಿದ್ದಳು. ನೆರೆಯ ಹೆಂಗಸರು ನಾಲ್ವರು ತಮ್ಮ ತಮ್ಮ ಒಲೆಗಳ ಮುಂದಿದ್ದರು.

ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡು ನಿಂತೇ ಓದಿದಳು. ಎರಡೂ ಪುಟ, ಒಂದು ಸಾಲೂ ಬಿಡದೆ.

"ಚೆನ್ನಾಗಿ ಬರ್ದಿದೀಯ," ಎಂದಳು. "ತಾರೀಖು ಹಾಕಿಲ್ಲ."

"ಮೇ ಇಪ್ಪತ್ತೆಂಟು ಅಂತ ಹಾಕ್ತೀನಿ," ಎಂದು ದನಿ ತಗ್ಗಿಸಿದೆ. "ಕೊಟ್ಟಿದ್ದು ಕಚೇರೀಲಿ ಎಲ್ಲೋ ಕಳೆದುಹೋಗಿತ್ತು ಅಂತ ಹೇಳೋಣ. ನಾನೇ ಬಂದು ಹೇಳ್ತೀನಿ."

"ಇವತ್ತು ಎಷ್ಟು?"

"ಹತ್ತೊಂಬತ್ತು."

"ಹಂಗಾದ್ರೆ ಹತ್ತೊಂಬತ್ತು ಹಾಕು."

ಒಲೆಯ ಪಕ್ಕದ ಮೇಜಿನ ಮೇಲೆ ಕಾಗದ ಇಟ್ಟು ತಾರೀಖು ಹಾಕಿದೆ. ಅವಳು ಅದನ್ನು ನೋಡಿ, ನಾಲ್ಕಾಗಿ ಮಡಚಿ, ನನ್ನ ಕೈಚೀಲದ ಬಾಯಿ ತೆರೆದು ಒಳಗಿಟ್ಟಳು.

"ನಂಗೆ ಇದ್ರಿಂದ ಏನಾಗ್ಬೇಕು. ನೀನೇ ಇಟ್ಕೋ."

"ಕಾಪಾ, ನಾನು..."

"ದಾರ ಬಿಚ್ಚು, ಕೇಕು ಒಣಗುತ್ತೆ."

ದಾರ ಎಳೆದೆ, ಗಂಟು ಇನ್ನೂ ಬಿಗಿಯಾಯಿತು. ಅವಳೇ ಆಲೂಗಡ್ಡೆಯ ಚಾಕುವಿನಿಂದ ದಾರ ಕತ್ತರಿಸಿ, ನೆರೆಯವರನ್ನು ಕೂಗಿದಳು.

"ಬನ್ನಿ ಬನ್ನಿ, ತಟ್ಟೆ ತನ್ನಿ. ನಮ್ಮ ನೋನ್ನಾಗೆ ಗಣಿತದ ಡಿಪ್ಲೊಮಾ ಬಂತು. ನಾನೇ ಓದಿಸಿದ ಹುಡುಗಿ."

ಹೆಂಗಸರು ಕೈ ಒರೆಸಿಕೊಂಡು ಸುತ್ತ ನೆರೆದರು. ಒಬ್ಬಳು ನನ್ನ ಕೆನ್ನೆಗೆ ಮುತ್ತು ಕೊಟ್ಟಳು. ಇನ್ನೊಬ್ಬಳು, ಇಂಥ ಗುರು ಸಿಗಬೇಕಾದರೆ ಪುಣ್ಯ ಮಾಡಿರಬೇಕು ಎಂದಳು. ಕಾಪಾ ಮೊದಲನೆಯ ತುಂಡು ಕತ್ತರಿಸಿ, ಕೆನೆಯ ಹೂವು ಇದ್ದ ಭಾಗವನ್ನೇ ನೋಡಿ, ನನ್ನ ತಟ್ಟೆಗೆ ಹಾಕಿದಳು.

"ತಿನ್ನು," ಎಂದಳು. "ಎಲ್ರೂ ಕಾಯ್ತಿದಾರೆ."

ನಾನು ತಿಂದೆ.